ಅಜ್ಜಿಯ ನಡಿಗೆಗೆ ಒಂದು ಗೇರು

ಗೇರಿನ ವಿಷಯ ಬಂದರೆ ಕೋಲಾರದಿಂದ ಮದ್ರಾಸಿನವರೆಗೆ ನನ್ನಷ್ಟು ತಿಳಿದವನು ಇನ್ನೊಬ್ಬನಿಲ್ಲ. ನಾಲ್ಕು ವರ್ಷ ಲಾರಿ ಕ್ಲೀನರಾಗಿದ್ದೆ. ಆ ನಾಲ್ಕು ವರ್ಷದಲ್ಲಿ ಡ್ರೈವರು ಗೇರು ಹಾಕಿದ್ದನ್ನು ಒಂದು ಕೋಟಿ ಸಲವಾದರೂ ಕಣ್ಣಾರೆ ನೋಡಿದ್ದೇನೆ. ನಾನೇ ಹಾಕಿದ್ದು ಮೂರೋ ನಾಲ್ಕೋ ಸಲ. ಅದರಲ್ಲೊಂದು ಸಲ ಲಾರಿ ಹಿಂದಕ್ಕೆ ಹೋಗಿ ಬೇತಮಂಗಲದ ಹೋಟೆಲೊಂದರ ಇಡ್ಲಿ ಪಾತ್ರೆ ಉರುಳಿಸಿತು ಎಂಬುದು ನನ್ನ ಹೆಂಡತಿ ಅನಸೂಯ ಹಬ್ಬಿಸಿದ ಸುದ್ದಿ. ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ ನಮ್ಮ ಮನೆಯಲ್ಲಿ ಟ್ರ್ಯಾಕ್ಟರ್ ಜಗಳ ಎದ್ದಾಗ ಅದನ್ನು ಬಗೆಹರಿಸಿದವನು ನಾನೇ. ಬೇರೆಯವರು ಬೇರೆ ಥರ ಹೇಳಬಹುದು. ಆದರೆ ಬರೆಯುತ್ತಿರುವವನು ನಾನು.

ಮನೆ ಎಂದರೆ ನನ್ನ ಸೋದರಮಾವ ಮುನಿಸ್ವಾಮಪ್ಪನವರ ಮನೆ. ಕ್ಯಾಸಂಬಳ್ಳಿಯಿಂದ ಎರಡು ಮೈಲಿ. ಮಾವನ ಮಗಳನ್ನೇ ಕಟ್ಟಿಕೊಂಡು ಮನೆಅಳಿಯನಾಗಿ ಅಲ್ಲೇ ಉಳಿದೆ. ಮಾವ ನಂದಿದುರ್ಗ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ವೈಂಡಿಂಗ್ ಇಂಜಿನ್ ನಡೆಸಿದವರು. ಗಣಿಯ ಬಾಯಿಯ ಹತ್ತಿರ ಮೇಲೆಯೇ ಕೂತು, ಲಿವರು ಹಿಡಿದು, ಆಳುಗಳೂ ಕಲ್ಲೂ ಹೋಗಿಬರುವ ಕೇಜನ್ನು ಪಾತಾಳಕ್ಕೆ ಇಳಿಸಿ ಮತ್ತೆ ಎತ್ತುವ ಕೆಲಸ. ಕೆಳಗಿನಿಂದ ಗಂಟೆ ಬಾರಿಸುತ್ತಾರೆ. ಮೂರು ಗಂಟೆ ಬಂದರೆ ಕೇಜಿನಲ್ಲಿ ಮನುಷ್ಯರಿದ್ದಾರೆ ಎಂದರ್ಥ. ಆಗ ಮಾವನ ಕೈ ಬೇರೆಯೇ. ಒಬ್ಬ ಆಳು ಅಂಚಿನವರೆಗೆ ತುಂಬಿದ ಕಾಫಿ ಲೋಟ ಹಿಡಿದು ಒಂದು ಮೈಲಿ ಆಳಕ್ಕೆ ಇಳಿದನಂತೆ. ಒಂದು ತೊಟ್ಟು ಚೆಲ್ಲಲಿಲ್ಲವಂತೆ. ತಳ ಮುಟ್ಟುವಷ್ಟರಲ್ಲಿ ಕಾಫಿ ಆರಿತ್ತು, ಅದೊಂದೇ ದೂರು.

ಆ ವರ್ಷ ಯುಗಾದಿ ಕಳೆದ ಎಂಟನೇ ದಿನಕ್ಕೆ ನಮ್ಮ ಎತ್ತು ಕರಿಯ ಸತ್ತಿತು. ಜೊತೆಯ ಬಿಳಿಯ ಒಂಟಿಯಾಗಿ ಹುಲ್ಲು ಮುಟ್ಟದೆ ನಿಂತಿತು. ಅದನ್ನು ಅತ್ತೆಯ ತವರಿಗೆ ಕಳಿಸಿದ್ದಾಯಿತು. ಮಾವನಿಗೆ ಗಣಿಯಿಂದ ಬಂದ ಹಣವಿತ್ತು, ನೀಲಗಿರಿ ತೋಪನ್ನೂ ಮಾರಿಯಾಗಿತ್ತು. ಇರುವ ಐದು ಎಕರೆಗೆ ಒಂದು ಪುಟ್ಟ ಟ್ರ್ಯಾಕ್ಟರ್ ಸಾಕು ಎಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಮನೆಯಲ್ಲಿ ಒಗ್ಗಟ್ಟು. ಗೇರುಪೆಟ್ಟಿಗೆಯ ಮಾತು ಬಂದಿತು ನೋಡಿ, ಒಗ್ಗಟ್ಟು ಹಿತ್ತಲ ಬಾಗಿಲಿಂದ ಓಡಿಹೋಯಿತು.

ಬಂಗಾರಪೇಟೆಯ ಅಂಗಡಿಯಲ್ಲಿ ಇದ್ದದ್ದು ಎರಡು ಗಾಡಿ, ಒಂದು ಕೆಂಪು, ಒಂದು ನೀಲಿ. ಕೆಂಪಿನದು ಹಳೇ ಕಾಲದ ಪೆಟ್ಟಿಗೆ, ಆರು ಗೇರು. ಒಳಗಿನ ಹಲ್ಲುಚಕ್ರ ಜಾರಿ ಬಂದು ಇನ್ನೊಂದನ್ನು ಕಚ್ಚಿಕೊಳ್ಳಬೇಕು. ಗಾಡಿ ನಿಲ್ಲಿಸಿಯೇ ಗೇರು ಹಾಕಬೇಕು. ಓಡುತ್ತಿರುವಾಗ ಹಾಕಿದರೆ ಮೂರು ಊರಿನ ನಾಯಿಗಳು ಬೊಗಳುವಂಥ ಸದ್ದು. ನೀಲಿಯದು ಹೊಸ ಥರ. ಹಲ್ಲುಗಳು ಯಾವಾಗಲೂ ಕಚ್ಚಿಕೊಂಡೇ ಇರುತ್ತವೆ, ಓಡುತ್ತಲೇ ಗೇರು ಬದಲಾಯಿಸಬಹುದು. ಜೊತೆಗೆ ಸೀಟಿನ ಪಕ್ಕ ಇನ್ನೊಂದು ಗಿಡ್ಡ ಲಿವರು. ಅದನ್ನು ಮುಂದೆ ತಳ್ಳಿದರೆ ನಾಲ್ಕೂ ಗೇರು ಜೋರು, ಹಿಂದೆ ಎಳೆದರೆ ಅದೇ ನಾಲ್ಕೂ ಮೆಲ್ಲಗೆ. ಒಟ್ಟು ಎಂಟು.

"ಕೆಂಪೇ ಸರಿ," ಎಂದರು ಮಾವ ಮುದ್ದೆ ಮುರಿಯುತ್ತ. "ಗೇರು ಬಿದ್ರೆ ಕಿವಿಗೆ ಕೇಳಿಸ್ಬೇಕು. ಸದ್ದು ಮಾಡ್ದೆ ಕೆಲ್ಸ ಮಾಡೋ ಮಿಷನ್ನ ನಾನು ನಂಬಲ್ಲ."

ಬಾಮೈದ ಕದಿರಪ್ಪ ತಟ್ಟೆಯಿಂದ ತಲೆಯೆತ್ತಿದ. ಇಪ್ಪತ್ತೈದರ ಹುಡುಗ, ಸೈಕಲ್ಲನ್ನೂ ಬಸ್ಸಿನ ಹಾಗೆ ಓಡಿಸುವವನು. "ಅಪ್ಪಾ, ನಿಲ್ಸಿ ನಿಲ್ಸಿ ಗೇರು ಆಕ್ಕಂಡು ಬಂಗಾರಪೇಟೆ ಸೇರೋ ಒತ್ತಿಗೆ ಟಮಾಟೋ ಗೊಜ್ಜಾಗಿರ್ತದೆ."

"ಆಗ್ಲಿ ಬಿಡು. ಮುದ್ದೆಗೆ ಗೊಜ್ಜು ಚೆನ್ನಾಗಿರ್ತದೆ."

"ಮಾಮ, ನನ್ನ ಸರ್ವೀಸಿನಾಗೆ ಏಳೋದಾದ್ರೆ..." ಎಂದು ನಾನು ಗಂಟಲು ಸರಿಮಾಡಿಕೊಂಡೆ.

"ನಿಮ್ಮ ಸರ್ವೀಸಿನಾಗೆ ಇಡ್ಲಿ ಪಾತ್ರೆ ಬಿತ್ತು," ಎಂದಳು ಅನಸೂಯ. "ಸುಮ್ನೆ ಸಾರು ಆಕಿಸ್ಕಳಿ."

ಆಗ ಅತ್ತೆ ವೆಂಕಟರತ್ನಮ್ಮ ಸೌಟು ಹಿಡಿದುಕೊಂಡೇ ಒಂದು ಮಾತು ಕೇಳಿದಳು. "ಕೆಂಪೋ ನೀಲೀನೋ, ಅಕ್ಕಡಿ ಸಾಲಿಗೆ ಎಂಗೆ? ನಮ್ಮತ್ತೆ ಇಂದೆ ನಡೀಬೇಕಲ್ಲ?"

ಅಕ್ಕಡಿ ಸಾಲು ಎಂದರೆ ರಾಗಿ ಹೊಲದಲ್ಲಿ ನಡುನಡುವೆ ಅವರೆಗೆಂದು ಬಿಡುವ ಸಾಲು. ಮುಂದೆ ನೇಗಿಲು ಗೆರೆ ಬಿಡಿಸುತ್ತ ಹೋಗುತ್ತದೆ. ಹಿಂದೆ ಒಬ್ಬಳು ಮಡಿಲಲ್ಲಿ ಬೀಜ ತುಂಬಿಕೊಂಡು, ಗೇಣಿಗೆ ಎರಡೆರಡು ಕಾಳು ಬಿಡುತ್ತ ನಡೆಯುತ್ತಾಳೆ. ನಮ್ಮಲ್ಲಿ ಆ ಒಬ್ಬಳು ಮಾವನ ತಾಯಿ ಅಕ್ಕಯ್ಯಮ್ಮ. ನನಗೂ ತಾಯಿಯ ತಾಯಿ. ಹದಿಮೂರನೇ ವಯಸ್ಸಿಗೆ ಸೊಸೆಯಾಗಿ ಬಂದ ವರ್ಷದಿಂದ ಆಗಿನ ಎಪ್ಪತ್ತೆಂಟನೇ ವಯಸ್ಸಿನವರೆಗೆ ಒಂದು ವರ್ಷವೂ ತಪ್ಪಿಸಿದವಳಲ್ಲ. ಅವಳು ಬಿಟ್ಟ ಕಾಳು ಹುಟ್ಟದೆ ಹೋದದ್ದಿಲ್ಲ. ಕಲ್ಲುಬಂಡೆಯ ಮೇಲೆ ಬಿಟ್ಟಿದ್ದರೂ ಬಂಡೆಯೇ ನಾಚಿ ಬಿರುಕು ಕೊಡುತ್ತಿತ್ತು.

"ಅಜ್ಜಿ ಇನ್ನು ಮನೇಲಿ ಕೂತ್ಕಂಡು ಉಣ್ಲಿ," ಎಂದ ಕದಿರಪ್ಪ. ಒಳ್ಳೆಯ ಮನಸ್ಸಿನಿಂದಲೇ ಅಂದ. "ಅವರೆ ತಾನೆ? ನಾನು ಚೆಲ್ತೀನಿ."

ಅಜ್ಜಿ ದಿನಕ್ಕೆ ಎರಡು ಮುದ್ದೆ ಉಣ್ಣುವವಳು; ಒಂದೊಂದೂ ಎಳೆಗೂಸಿನ ತಲೆಯಷ್ಟು. ಅವತ್ತು ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಕೈ ತೊಳೆದಳು. ಮಾರನೇ ದಿನವೂ ಅರ್ಧ. ಮೂರನೇ ದಿನ ಹುಚ್ಚೆಳ್ಳು ಚಟ್ನಿ ಅರೆದರೂ ಅರ್ಧವೇ.

"ಚೆಲ್ತಾನಂತೆ," ಎಂದಳು ನಾಲ್ಕನೇ ದಿನ, ಯಾರಿಗೂ ಅಲ್ಲ, ಒಲೆಗೆ. "ಅವರೇನ ಚೆಲ್ತಾನಂತೆ, ನೀರು ಚೆಲ್ದಂಗೆ. ಅಂಗಾದ್ರೆ ಈ ಮನೆನಾಗೆ ನಾನು ಯಾತಕ್ಕಿದೀನಿ?"

ಮಾವ ತಟ್ಟೆಯ ಮುಂದೆ ತಲೆ ತಗ್ಗಿಸಿದರು. "ಅವ್ವ, ನಿನ್ನ ಬಿಟ್ಟು ಬಿತ್ತನೆ ಮಾಡಲ್ಲ. ನೀನೇ ಬಂದು ನೋಡು. ಗಾಡಿ ಇಂದೆ ನಡಿಯೋಕಾದ್ರೆ ತಗಳನ, ಇಲ್ದಿದ್ರೆ ಇಲ್ಲ."

ಅಂತೂ ಮೇ ತಿಂಗಳ ಒಂದು ಮಧ್ಯಾಹ್ನ ನಾವೆಲ್ಲ ಬಂಗಾರಪೇಟೆಯ ಅಂಗಡಿಯ ಸಿಮೆಂಟಿನ ಅಂಗಳದಲ್ಲಿ ನಿಂತಿದ್ದೆವು. ಅಜ್ಜಿ ಮದುವೆಗಳಿಗೆ ಉಡುವ ಸೀರೆ ಉಟ್ಟಿದ್ದಳು. ಹುಟ್ಟಿದಂದಿನಿಂದ ಕಾಲಿಗೆ ಚಪ್ಪಲಿ ಮೆಟ್ಟಿದವಳಲ್ಲ, ಅವತ್ತೂ ಮೆಟ್ಟಿರಲಿಲ್ಲ. ಅಲ್ಲಿನ ಮೆಕ್ಯಾನಿಕ್ ಕುಪ್ಪುಸ್ವಾಮಿ ಗಣಿಯೂರು ಕೋರಮಂಡಲಿನ ತಮಿಳಿನವನು, ಮಾವನ ಹಳೆಯ ಗೆಳೆಯ.

"ವಾಂಗ ಪಾಟಿ, ವಾಂಗ!" ಎಂದು ಅಜ್ಜಿಯನ್ನು ಕರೆದ. "ಯೇನ್ ಸಾಮಿ ಇದು, ಎಲ್ಲಾರೂ ಎಷ್ಟು ಟನ್ ಎಳೀತದೆ ಅಂತ ಕೇಳ್ತಾರೆ. ನೀವು ಪಾಟಿನ ಕರ್ಕೊಂಡ್ ಬಂದಿದೀರ."

"ನಮ್ಮಜ್ಜಿ ಅಂದ್ರೆ ಏನ್ಕಂಡೆ ಕುಪ್ಪುಸ್ವಾಮಿ?" ಎಂದೆ ನಾನು. ಸುಮ್ಮನಿರಬಹುದಿತ್ತು, ಇರಲಿಲ್ಲ. "ಅವ್ಳು ನಡೆದ್ರೆ ಮಾರಿಕುಪ್ಪಂ ರೈಲು ಸೈಡು ಕೊಡ್ತದೆ!"

ಅಜ್ಜಿ ನನ್ನನ್ನೊಮ್ಮೆ ನೋಡಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡಳು. ಕುಪ್ಪುಸ್ವಾಮಿ ಕೆಂಪು ಗಾಡಿಯನ್ನು ಒಂದನೇ ಗೇರಿಗೆ ಹಾಕಿದ. ಕರಕರ ಎಂದು ಅದು ಹೊರಟಿತು. ಮಾವ ಸದ್ದು ಕೇಳುತ್ತ ಕಣ್ಣು ಮುಚ್ಚಿದರು, ಸಂಗೀತ ಕೇಳುವವರ ಹಾಗೆ. ಕದಿರಪ್ಪ ಚಕ್ರ ನೋಡುತ್ತಿದ್ದ, ನಾನು ಲಿವರು ನೋಡುತ್ತಿದ್ದೆ. ಅಜ್ಜಿ ಗಾಡಿಯ ಹಿಂದೆ ಪಟಪಟನೆ ಹೆಜ್ಜೆ ಹಾಕಿದಳು. ಅಂಗಳದ ತುದಿ ಮುಟ್ಟುವಾಗ ಗಾಡಿಯನ್ನೇ ಹಿಂದೆ ಹಾಕಿ ಮುಂದಿದ್ದಳು!

"ಅಯ್ಯಯ್ಯೋ, ವಂಡಿಗಿಂತ ಪಾಟಿನೇ ಸ್ಪೀಡು!"

"ಮುಗೀತು," ಎಂದರು ಮಾವ. "ಕೆಂಪು." ನೀಲಿಯನ್ನು ಓಡಿಸಿ ನೋಡುವ ಮಾತೇ ಬರಲಿಲ್ಲ. ಅಲ್ಲೇ ಎಲೆಅಡಿಕೆ ಕೈಬದಲಾಯಿಸಿ ಗೆಳೆಯನಿಗೆ ಮಾತು ಕೊಟ್ಟರು. ಕದಿರಪ್ಪ ಬಸ್ಸಿನಲ್ಲಿ ಊರು ಬರುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತ. ಅಜ್ಜಿ ಮಾತ್ರ ರಾತ್ರಿ ಎರಡು ಮುದ್ದೆ ಉಂಡಳು.

ಗುಟ್ಟು ಹೊರಬಿದ್ದದ್ದು ಮಾರನೇ ಬೆಳಿಗ್ಗೆ. ಅಜ್ಜಿ ಹಿತ್ತಲಿಗೆ ಕುಂಟಿಕೊಂಡು ಹೋಗುತ್ತಿದ್ದುದನ್ನು ಅನಸೂಯ ಕಂಡಳು. ಹಿಡಿದು ಕೂರಿಸಿ ಪಾದ ಎತ್ತಿ ನೋಡಿದಳು. ಎರಡು ಅಂಗಾಲಿನಲ್ಲೂ ಬೊಬ್ಬೆ.

"ಅಪ್ಪಾ! ಬಾ ಇಲ್ಲಿ. ಅಜ್ಜಿ ನಡೆದಿದ್ದಲ್ಲ, ಕಾಲು ಸುಟ್ಟು ಕುಣಿದಿದ್ದು!"

ಎಲ್ಲರೂ ಓಡಿಬಂದೆವು. ಮೇ ತಿಂಗಳ ಮಧ್ಯಾಹ್ನದ ಸಿಮೆಂಟಿನ ಮೇಲೆ ಬರಿಗಾಲ ಅಜ್ಜಿ. ನಾವು ಐದು ಜನ ಅಲ್ಲೇ ನಿಂತು ಗಾಡಿಯ ಚಕ್ರ ನೋಡಿದ್ದೆವು, ಅವಳ ಕಾಲು ನೋಡಿರಲಿಲ್ಲ.

"ಯಾಕವ್ವ ಯೇಳ್ಲಿಲ್ಲ?" ಎಂದರು ಮಾವ.

"ಯೇಳಿದ್ರೆ ಮುದುಕಿಗೆ ಆಗಲ್ಲ ಅಂತ ಮನೇಲಿ ಕೂರಿಸ್ತಿದ್ರಿ. ಈ ಸೊಣ್ಣ ಬೇರೆ ರೈಲು ಗೀಲು ಅಂತ ಬೊಗಳಿದ್ದ." ಅಜ್ಜಿಯ ಬೆರಳು ನನ್ನ ಕಡೆ. ಅನಸೂಯ ಹರಳೆಣ್ಣೆ ಸವರುತ್ತಾ ನನ್ನನ್ನು ನೋಡಿದ ನೋಟಕ್ಕೆ ಆ ಎಣ್ಣೆಯೇ ಕಾಯಬಹುದಿತ್ತು.

"ಬೀಜ ಇಲ್ದೆ, ಬಗ್ದೆ, ಸಿಮೆಂಟಿನ ಮ್ಯಾಲೆ ಓಡಿದ್ರೆ ಅದು ಬಿತ್ತನೇನಾ?" ಎಂದಳು ಅತ್ತೆ. "ಕೆಂಪು ಬ್ಯಾಡ. ನೀಲಿ ಮೆಲ್ಲಗೆ ಓಗ್ತದಂತಲ್ಲ, ಅದ್ನ ನೋಡಿ."

"ಕುಪ್ಪುಸ್ವಾಮಿಗೆ ಮಾತು ಕೊಟ್ಟಿದೀನಿ ಕಣೆ. ಎಲೆಅಡಿಕೆ ಆಗೈತೆ."

"ಎಲೆಅಡಿಕೆ ಉಗಿದೂ ಆಗೈತೆ!"

ಮಾವ ಸಿಟ್ಟಿನಿಂದ ಟವೆಲು ಕೊಡವಿ ಹೊರಟರು. ಆಗ ಅಜ್ಜಿ ಕೂತಲ್ಲಿಂದಲೇ, ಮೆಲ್ಲಗೆ ಅಂದಳು: "ಮುನಿಸ್ವಾಮಿ. ಗಣಿನಾಗೆ ಆಳುಗಳ್ನ ಇಳಿಸೋಕೆ ಒಂದು ಸ್ಪೀಡು, ಕಲ್ಲು ಎತ್ತೋಕೆ ಒಂದು ಸ್ಪೀಡು ಅಂತ ದಿನಾ ಯೇಳ್ತಿದ್ದೆ. ನಾನೇನು ಕಲ್ಲಾ?"

ಮಾವ ಬಾಗಿಲಲ್ಲೇ ನಿಂತರು. ಟವೆಲನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡರು. ಹೊರಗೆ ಹೋಗಲಿಲ್ಲ. ಒಳಗೆ ಬಂದು ಕಾಫಿ ಕೇಳಿದರು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಸೋಲೊಪ್ಪಿಗೆಯನ್ನು ನಾನು ಕಂಡಿಲ್ಲ.

ಇಲ್ಲಿಂದ ಮುಂದಿನ ಉಪಾಯ ನನ್ನದು. ಅನಸೂಯ ತನ್ನದು ಎನ್ನುತ್ತಾಳೆ. ಅಜ್ಜಿಯ ಬೊಬ್ಬೆ ಒಣಗಿ, ಒಂದು ಹದ ಮಳೆ ಬಿದ್ದ ಮೇಲೆ, ಅವಳು ಬಿತ್ತುತ್ತ ನಡೆಯುವ ನಿಜವಾದ ನಡಿಗೆಯನ್ನು ಹೊಲದಲ್ಲೇ ಅಳೆಯುವುದು. ಬಾವಿಯ ಹಗ್ಗ ಬಿಚ್ಚಿ ನೆಲಕ್ಕೆ ಹಾಸುವುದು. ಹಗ್ಗದ ಈ ತುದಿಯಿಂದ ಆ ತುದಿಗೆ ಎಷ್ಟು ಹೊತ್ತು ಎಂದು ಮಾವ ಗಣಿಯ ಗಡಿಯಾರ ನೋಡಿ ಹೇಳುವುದು.

"ಸರಿ. ನೇಗಿಲು ಎಳಿಯೋರು ಯಾರು? ಎತ್ತೇ ಇಲ್ವಲ್ಲ," ಎಂದ ಕದಿರಪ್ಪ.

ಅನಸೂಯ ಅವನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಮನೆನಾಗೆ ಎರಡು ಅವೆ."

ಹೀಗೆ ನೊಗ ಕಟ್ಟಿಸಿಕೊಂಡು ಹೊಲದಲ್ಲಿ ನಿಂತೆವು ನಾನೂ ನನ್ನ ಬಾಮೈದನೂ. ಅವತ್ತು ನಾನು ಎಳೆದ ಜೋರಿಗೆ ನೆಲ ಸೀಳಿ ಚಿನ್ನದ ಅದಿರು ಮೇಲೆ ಬರುವುದೊಂದು ಬಾಕಿ. ನೇಗಿಲ ಮೇಳಿ ಹಿಡಿದ ಅತ್ತೆ "ಬಲಗಡೆ ಎತ್ತು ಸುಳ್ಳು ಎಳೀತಾ ಐತೆ" ಎಂದು ಮೂರು ಸಲ ಕೂಗಿದಳು. ಬಲಗಡೆ ಇದ್ದವನು ನಾನು.

ಹಿಂದೆ ಅಜ್ಜಿ. ಬಗ್ಗಿ, ಎರಡು ಕಾಳು ಬಿಟ್ಟು, ಒಂದು ಹೆಜ್ಜೆ. ಎರಡು ಕಾಳು, ಒಂದು ಹೆಜ್ಜೆ.

"ಒಂದು ನಿಮಿಷ ಹತ್ತು ಸೆಕೆಂಡು," ಎಂದರು ಮಾವ.

ಮತ್ತೊಮ್ಮೆ ಎಳೆದೆವು. ಒಂದು ನಿಮಿಷ ಹತ್ತು. ಮೂರನೇ ಸಲವೂ ಅಷ್ಟೇ. ಮಾವ ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದರು, ನಿಂತುಹೋಗಿದೆಯೋ ಏನೋ ಎಂದು.

ಕದಿರಪ್ಪ ನೊಗ ಕೆಳಗಿಟ್ಟು ಬೆವರು ಒರೆಸಿಕೊಂಡ. "ಅಜ್ಜಿ, ಇಷ್ಟು ಮೆಲ್ಲಗೆ ಯಾವ ಎತ್ತು ನಡೀತದೆ? ಕರಿಯ ಗಾಡಿಗೆ ಕಟ್ಟಿದ್ರೆ ಕ್ಯಾಸಂಬಳ್ಳಿವರ್ಗೂ ಓಡ್ತಿತ್ತಲ್ಲ, ಓದ ವರ್ಸವೂ ಓಡ್ತು."

"ಗಾಡಿಗೆ ಓಡ್ತಿತ್ತು," ಎಂದಳು ಅಜ್ಜಿ. "ಸಾಲಿನಾಗೆ ನಾನು ಬಗ್ಗಿದ್ರೆ ನಿಲ್ತಿತ್ತು."

ಕದಿರಪ್ಪ ಹಗ್ಗವನ್ನು ಸುತ್ತಿ ಸುತ್ತಿ ಹೆಗಲಿಗೆ ಹಾಕಿಕೊಂಡು, "ಅಪ್ಪಾ, ನಾಳೆ ಬಂಗಾರಪೇಟೆಗೆ ಓಗನ," ಎಂದ. ಟಮಾಟೋ ಮಾತೇ ಎತ್ತಲಿಲ್ಲ.

ಕುಪ್ಪುಸ್ವಾಮಿ ನಮ್ಮ ಹೆಗಲಿನ ಹಗ್ಗ ನೋಡಿ ಹಣೆ ಹಣೆ ಚಚ್ಚಿಕೊಂಡ. "ಮೊದಲು ಪಾಟಿ, ಈಗ ಬಾವಿ ಅಗ್ಗ. ನಾಳೆ ಕೊಡ ತಂದ್ಬಿಡಿ."

"ಮಾತು ಕೊಟ್ಟಿದ್ದೆ ಕುಪ್ಪುಸ್ವಾಮಿ, ತಪ್ಪು ನಂದೇ," ಎಂದು ಮಾವ ಶುರುಮಾಡಿದರು.

"ಮೊದಲು ಅಗ್ಗ ಆಸಿ ಸಾಮಿ. ಆಮೇಲೆ ತಪ್ಪು ನೋಡನ."

ಅಂಗಡಿ ಹಿಂದಿನ ಮಣ್ಣಿನ ಜಾಗದಲ್ಲಿ ಹಗ್ಗ ಹಾಸಿದೆವು. ಕೆಂಪು ಗಾಡಿ ಒಂದನೇ ಗೇರಿನಲ್ಲಿ ಹಗ್ಗ ಮುಗಿಸಿದ್ದು ನಲವತ್ತೈದು ಸೆಕೆಂಡಿಗೆ. ಇನ್ನೂ ಮೆಲ್ಲಗೆ ಎಂದರು ಮಾವ. ಕುಪ್ಪುಸ್ವಾಮಿ ಇಂಜಿನ್ನಿನ ವೇಗ ಇಳಿಸಿದ. ಗಾಡಿ ಎರಡು ಸಲ ಮುಗ್ಗರಿಸಿ ಆಫಾಯಿತು. ಆಮೇಲೆ ನೀಲಿ. ಗಿಡ್ಡ ಲಿವರನ್ನು ಹಿಂದಕ್ಕೆ ಎಳೆದು ಒಂದನೇ ಗೇರು ಹಾಕಿದ. ಸದ್ದಿಲ್ಲ. ಹೊರಟಿತೋ ಇಲ್ಲವೋ ಎಂದು ನಾನು ಬಗ್ಗಿ ಚಕ್ರ ನೋಡಿದೆ. ಆಮೆಯೊಂದು ಪಕ್ಕದಲ್ಲಿ ಬಂದಿದ್ದರೆ ಹಾರನ್ ಹೊಡೆದು ಮುಂದೆ ಹೋಗುತ್ತಿತ್ತು.

"ಒಂದು ನಿಮಿಷ ಎಂಟು ಸೆಕೆಂಡು," ಎಂದರು ಮಾವ. "ಎರಡು ಸೆಕೆಂಡು ಜಾಸ್ತಿ ಸ್ಪೀಡು."

"ಸಾಮಿ! ಎರಡು ಸೆಕೆಂಡು ಪಾಟಿ ಅಡ್ಜಸ್ಟ್ ಮಾಡ್ಕೊಳಲ್ವಾ?"

ಮಾವ ತಾವೇ ಸೀಟು ಹತ್ತಿ ಕೂತರು. ಗಿಡ್ಡ ಲಿವರನ್ನು ಹಿಡಿದು ಮುಂದೆ ತಳ್ಳಿದರು, ಹಿಂದೆ ಎಳೆದರು, ಮತ್ತೆ ತಳ್ಳಿದರು. ಮೂವತ್ತು ವರ್ಷದ ಕೈ ಅದು. ಸದ್ದು ಬೇಡವೆಂದು ಅದಕ್ಕೆ ಆಗಲೇ ಗೊತ್ತಾಗಿತ್ತು.

"ಇದು ಕಲ್ಲಿನ ಸ್ಪೀಡು," ಎಂದರು, ಮುಂದೆ ತಳ್ಳಿ. "ಇದು ಆಳಿನ ಸ್ಪೀಡು." ಹಿಂದಕ್ಕೆ ಎಳೆದು ಹಾಗೇ ಬಿಟ್ಟರು.

ಎಲೆಅಡಿಕೆ ಎರಡನೇ ಸಲ ಆಯಿತು. ಕದಿರಪ್ಪನಿಗೆ ಬೇಕಾಗಿದ್ದ ಗಾಡಿಯೇ ಬಂತು, ಆದರೆ ಅವನು ಕೇಳಿದ ಕಾರಣಕ್ಕಲ್ಲ. ಜೂನ್ ತಿಂಗಳಿಡೀ ಅವನು ಟ್ರೈಲರಿನಲ್ಲಿ ಟಮಾಟೋ ತುಂಬಿ ಕಲ್ಲಿನ ಸ್ಪೀಡಿನಲ್ಲಿ ಬಂಗಾರಪೇಟೆಗೆ ಹೋಗಿ ಬಂದ. ಗಾಡಿ ಮನೆಗೆ ಬಂದರೆ ಅಜ್ಜಿ ಅದರ ಮೂತಿ ಸವರಿ, ಮಡ್ ಗಾರ್ಡಿಗೆ ಕುಂಕುಮ ಇಟ್ಟು, "ಓಡೋದೆಲ್ಲಾ ಈಗ್ಲೇ ಓಡ್ಬಿಡು, ಆಷಾಡದಾಗೆ ನನ್ನ ಜೊತೆ ಕೆಲ್ಸ ಐತೆ," ಎನ್ನುತ್ತಿದ್ದಳು.

ಆಷಾಢದ ಎರಡನೇ ವಾರ ಬಿತ್ತನೆ. ರಾಗಿ ಬಿತ್ತಿ ಮುಗಿಸಿ, ಅಕ್ಕಡಿ ಸಾಲಿಗೆ ಗಾಡಿಯ ಹಿಂದೆ ಒಂದೇ ನೇಗಿಲು ಕಟ್ಟಿದೆವು. ಕದಿರಪ್ಪ ಸೀಟು ಹತ್ತಲು ಹೋದವನು ಇಳಿದು ಬಂದ. "ಅಪ್ಪಾ, ಮೊದಲ್ನೇ ಸಾಲು ನೀನೇ ಒಡಿ."

ಮಾವ ಹತ್ತಿದರು. ಅಜ್ಜಿ ಮಡಿಲಲ್ಲಿ ಅವರೆ ತುಂಬಿಕೊಂಡು ಗೆರೆಯ ಹಿಂದೆ ನಿಂತಳು. ಹಿಂದೆ ಅನಸೂಯ, ಕಾಲಿನಿಂದ ಮಣ್ಣು ಮುಚ್ಚಲು. ಅವಳ ಹಿಂದೆ ನಾನು, ಮೇಲ್ವಿಚಾರಣೆಗೆ. ಮಾವ ತಿರುಗಿ ನೋಡಿ, "ಅವ್ವ, ಬಿಡ್ಲಾ?" ಎಂದು ಕೂಗಿದರು. ಇಂಜಿನ್ನಿನ ಸದ್ದಿಗೆ ಅವಳ ಉತ್ತರ ಕೇಳಿಸಲಿಲ್ಲ. ಅಜ್ಜಿ ಬಗ್ಗಿ ಒಂದು ಕಲ್ಲು ಎತ್ತಿಕೊಂಡಳು; ಬದುವಿನ ಮೇಲಿದ್ದ ಹಿತ್ತಾಳೆಯ ನೀರಿನ ಚೆಂಬಿಗೆ ಬಾರಿಸಿದಳು.

ಟಣ್. ಟಣ್. ಟಣ್.

ಮಾವನ ಬೆನ್ನು ನೆಟ್ಟಗಾಯಿತು. ಮತ್ತೆ ಹಿಂದೆ ತಿರುಗಿ ನೋಡಲೇ ಇಲ್ಲ. ಗಿಡ್ಡ ಲಿವರು ಹಿಂದಕ್ಕೆ ಬಂತು, ಕ್ಲಚ್ಚು ಮೆಲ್ಲಗೆ ಮೇಲೆ ಬಂತು, ನೇಗಿಲು ಮಣ್ಣಿಗೆ ಇಳಿಯಿತು. ಆ ಗಾಡಿಯ ಮಡ್ ಗಾರ್ಡಿನ ಮೇಲೆ ತುಂಬಿದ ಕಾಫಿ ಲೋಟ ಇಟ್ಟಿದ್ದರೂ ಅದು ಬದುವಿನಿಂದ ಬದುವಿಗೆ ಹಾಗೇ ಹೋಗುತ್ತಿತ್ತು. ಎರಡು ಕಾಳು, ಒಂದು ಹೆಜ್ಜೆ. ಎರಡು ಕಾಳು, ಒಂದು ಹೆಜ್ಜೆ. ಆ ಎರಡು ಸೆಕೆಂಡಿನ ವ್ಯತ್ಯಾಸವನ್ನು ಇಬ್ಬರಲ್ಲಿ ಯಾರು ಸರಿಮಾಡಿಕೊಂಡರೋ ನನಗೆ ಗೊತ್ತಾಗಲಿಲ್ಲ.

ಸಾಲಿನ ನಡುವೆ ನನಗೆ ತಡೆಯಲಾಗಲಿಲ್ಲ. "ಅಜ್ಜೀ! ಮಾರಿಕುಪ್ಪಂ ರೈಲು ಇಂದೆ ಬತ್ತಾ ಐತೆ, ಸೈಡು ಕೊಡು!" ಎಂದು ಕೂಗಿದೆ. ಕೂಗುವ ರಭಸಕ್ಕೆ ಹಸಿ ಗೆರೆಯಲ್ಲಿ ಕಾಲು ಜಾರಿ ಅಂಗಾತ ಬಿದ್ದೆ. ಅಜ್ಜಿ ತಿರುಗಿ ನೋಡಿ, ಸೊಂಟ ಹಿಡಿದುಕೊಂಡು ನಕ್ಕಳು. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಕ್ಕಳು. ಮಡಿಲಿನ ಒಂದು ಹಿಡಿ ಕಾಳು ಅಲ್ಲೇ ಸುರಿಯಿತು. "ಇದಕ್ಕೂ ಮಣ್ಣು ಮುಚ್ಲಾ?" ಎಂದು ನನ್ನನ್ನು ತೋರಿಸಿ ಕೇಳಿದಳು ಅನಸೂಯ.

ಎಂಟು ದಿನಕ್ಕೆ ಅವರೆ ಮೊಳೆಯಿತು. ಮನೆಯವರೆಲ್ಲ ನೋಡಲು ಹೋದೆವು. ಬದುವಿನಿಂದ ಬದುವಿಗೆ, ಗೇಣಿಗೆ ಎರಡೆರಡು, ಗೇಣಿಗೆ ಎರಡೆರಡು. ನಡುವೆ ಒಂದೇ ಒಂದು ಕಡೆ ಮಾತ್ರ ಒತ್ತಾಗಿ ಒಂದು ಗುಂಪು. ಕದಿರಪ್ಪ ಹೆಚ್ಚಿನವನ್ನು ಕೀಳಲು ಬಗ್ಗಿದ.

"ಕೀಳ್ಬೇಡ್ಲಾ," ಎಂದಳು ಅಜ್ಜಿ. "ಅದು ಸೊಣ್ಣ ಬಿದ್ದ ಜಾಗ. ಇರ್ಲಿ."

ನಾನು ಕೂತು ಎಣಿಸಿದೆ. ಸಾವಿರ ಸಸಿ ಎಂದು ಬರೆಯುತ್ತೇನೆಂದು ನೀವು ಕಾಯುತ್ತಿರಬಹುದು. ಹದಿನೇಳು. ಬೇಕಾದರೆ ಅನಸೂಯಳನ್ನು ಕೇಳಿ.